ಬೆಳದಿಂಗಳು ಸರಿ, ಚುಕ್ಕಿಗಳ ಬೆಳಕಿಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅದು ಬಳಕೆಯಲ್ಲಿ ಇರಬಹುದು ಅನ್ನುವ ಆಸೆಯಿಂದ ಬರೆಯುತ್ತಿದ್ದೇನೆ.

ಗೆಳೆಯನೊಬ್ಬ ಲಡಾಖಿನ ಹಾನ್ಲೆಯಲ್ಲಿ ರಾತ್ರಿ ಹೊತ್ತು ತೆಗೆದ ಫೋಟೋಗಳನ್ನು ಬೆಂಗಳೂರಿನಲ್ಲಿ ಪ್ರದರ್ಶನಕ್ಕೆ ಇಡುತ್ತಿದ್ದಾನೆ. ಫೋಟೋಗಳ ಕೆಳಗೆ ಕನ್ನಡದಲ್ಲಿ ಒಂದೆರಡು ಸಾಲು ಬರೆದುಕೊಡುವ ಕೆಲಸ ನನ್ನದು. ಹಾನ್ಲೆಗೂ ನಮಗೂ ನಂಟು ಇದೆ. ಅಲ್ಲಿ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವ ವೀಕ್ಷಣಾಲಯ ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನದು, ಅಲ್ಲಿನ 2 ಮೀಟರ್ ಕನ್ನಡಿಯ ‘ಚಂದ್ರ’ ದೂರದರ್ಶಕವನ್ನು (ವಿಜ್ಞಾನಿ ಚಂದ್ರಶೇಖರ್ ನೆನಪಿಗೆ ಇಟ್ಟ ಹೆಸರು) ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. 2022ರಲ್ಲಿ ಆ ಊರಿನ ಸುತ್ತಲಿನ ಜಾಗವನ್ನು ಡಾರ್ಕ್ ಸ್ಕೈ ರಿಸರ್ವ್, ಅಂದರೆ ದೀಪಗಳ ಬೆಳಕು ತಡೆದು ರಾತ್ರಿ ಆಕಾಶದ ಕತ್ತಲನ್ನು ಕಾಪಾಡುವ ಜಾಗ, ಅಂತ ಘೋಷಿಸಿದರು. ದೇಶದಲ್ಲಿ ಅದೇ ಮೊದಲನೆಯದು.

ಈಗ ನನ್ನ ತೊಡಕು. ಒಂದೇ ಇಳಿಜಾರಿನ ಎರಡು ಫೋಟೋ ಅಕ್ಕಪಕ್ಕ ಇವೆ. ಒಂದರಲ್ಲಿ ಚಂದ್ರ ಇದ್ದಾನೆ, ಇನ್ನೊಂದರಲ್ಲಿ ಇಲ್ಲ. ಮೊದಲನೆಯದಕ್ಕೆ ‘ಬೆಳದಿಂಗಳಲ್ಲಿ ಹಾನ್ಲೆ’ ಅಂತ ಒಂದು ನಿಮಿಷದಲ್ಲಿ ಬರೆದೆ. ಎರಡನೆಯದಕ್ಕೆ ‘ಅಮಾವಾಸ್ಯೆಯ ಕಗ್ಗತ್ತಲಲ್ಲಿ ಹಾನ್ಲೆ’ ಅಂತ ಬರೆದೆ. ಗೆಳೆಯ ಒಪ್ಪಲಿಲ್ಲ. “ಕಗ್ಗತ್ತಲು ಎಲ್ಲಿದೆ ತೋರಿಸು, ಒಂದೊಂದು ಕಲ್ಲೂ ಕಾಣ್ತಿದೆಯಲ್ಲ” ಅಂದ.

ಅವನು ಹೇಳಿದ್ದು ಸರಿ. ಆ ರಾತ್ರಿ ನಾನೂ ಜೊತೆಗಿದ್ದೆ. ಟಾರ್ಚು ಆರಿಸಿದ ಕೂಡಲೇ ಏನೂ ಕಾಣಲಿಲ್ಲ. ಅರ್ಧ ಗಂಟೆ ಸುಮ್ನೆ ಕೂತೆವು. ಆಮೇಲೆ ಕಾಲುದಾರಿ ಬೆಳ್ಳಗೆ ತೋರತೊಡಗಿತು, ಕಲ್ಲುಗಳು ಒಂದೊಂದಾಗಿ ಬೇರೆಯಾದವು, ಗೆಳೆಯನ ಮುಖ ಕಾಣದಿದ್ದರೂ ಅವನು ಕೈ ಎತ್ತಿದ್ದು ಗೊತ್ತಾಗುತ್ತಿತ್ತು. ಆಕಾಶಗಂಗೆಯ ದಪ್ಪ ಭಾಗ ನಮ್ಮ ಬೆಂಗಳೂರಿನಲ್ಲಾದರೆ ಆಕಾಶದ ಅರ್ಧದವರೆಗೆ ಏರುತ್ತದೆ (ಕಾಣುವಷ್ಟು ಕತ್ತಲು ಇದ್ದರೆ), ಹಾನ್ಲೆ ಉತ್ತರಕ್ಕೆ ಇರುವುದರಿಂದ ಅಲ್ಲಿ ಅದು ತೆಂಕಣ ಬೆಟ್ಟಗಳ ಮೇಲೆ ತಗ್ಗಿನಲ್ಲೇ ನಿಲ್ಲುತ್ತದೆ. ಆ ಕಡೆ ಮುಖ ಮಾಡಿದ ಕಲ್ಲುಗಳು ಬೆನ್ನು ಮಾಡಿದ ಕಲ್ಲುಗಳಿಗಿಂತ ಒಂಚೂರು ಬೆಳ್ಳಗಿದ್ದವು. ಚಂದ್ರ ಇಲ್ಲ, ದೀಪ ಇಲ್ಲ, ಆದರೂ ಬೆಳಕು ಇದೆ. ಆ ಬೆಳಕಿಗೆ ಹೆಸರು ಬೇಕು ನನಗೆ.

ಹುಣ್ಣಿಮೆ ಬೆಳಕಿಗೆ ಹೋಲಿಸಿದರೆ ಇದು ಹೆಚ್ಚುಕಮ್ಮಿ ನೂರರಲ್ಲಿ ಒಂದು ಪಾಲು. ಅದಕ್ಕೇ ಆಕಾಶಕ್ಕೆ 20 ಸೆಕೆಂಡು ಸಾಕಾದರೂ (ಜಾಸ್ತಿ ಬಿಟ್ಟರೆ ಚುಕ್ಕಿಗಳು ಗೆರೆಗಳಾಗುತ್ತವೆ) ಕಲ್ಲುಗಳಿಗೆ ಅಂತ ಗೆಳೆಯ ಕ್ಯಾಮೆರಾವನ್ನು ನಾಲ್ಕು ನಿಮಿಷ ತೆರೆದಿಟ್ಟು, ಆಮೇಲೆ ಎರಡನ್ನೂ ಕೂಡಿಸಿದ್ದಾನೆ. ಕಲ್ಲಿನ ಮೇಲೆ ಒಂದು ಸಲವೂ ಟಾರ್ಚು ಹಾಯಿಸಿಲ್ಲ. ಅಡಿಯಲ್ಲಿ ಬರೆಯುವ ಸಾಲು ಈ ಬೆಳಕನ್ನೇ ಹೇಳದಿದ್ದರೆ ಫೋಟೋದ ಅರ್ಧ ಕೆಲಸ ಹಾಳಾದಂತೆ.

ನಾನು ಯೋಚಿಸಿದ ಪದಗಳು ಇವು. ‘ನಕ್ಷತ್ರದ ಬೆಳಕು’ ಅಂದರೆ ಅರ್ಥವಾಗುತ್ತದೆ, ಆದರೆ ಅದು ವಿವರಣೆ ಆಯಿತು, ಬೆಳದಿಂಗಳಿನ ಹಾಗೆ ಒಂದೇ ಉಸಿರಿನ ಪದ ಅಲ್ಲ. ‘ತಾರಾಕಾಂತಿ’ಯನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ‘ನಸುಬೆಳಕು’ ಅಂದರೆ ಬೆಳಗಿನ ಜಾವ ನೆನಪಾಗುತ್ತದೆ, ‘ಮಬ್ಬು’ ಅಂದರೆ ಮೋಡ. ‘ಚುಕ್ಕಿದಿಂಗಳು’ ಅನ್ನಬಹುದಲ್ವಾ ಅಂತ ಒಬ್ಬರು ಕೇಳಿದರು. ಕೇಳಲು ತುಂಬಾ ಚೆನ್ನಾಗಿದೆ. ಆದರೆ ಬೆಳದಿಂಗಳು ಅಂದರೆ ಬೆಳ್ ಮತ್ತು ತಿಂಗಳ್ ಸೇರಿ ಆದದ್ದು, ಬಿಳಿಯ ತಿಂಗಳು. ತಿಂಗಳು ಅಂದರೆ ಚಂದ್ರನೇ. ಚಂದ್ರ ಇಲ್ಲದ ರಾತ್ರಿಯ ಹೆಸರಿನೊಳಗೆ ಚಂದ್ರನನ್ನು ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ಉಳಿದದ್ದು ‘ಚುಕ್ಕಿಬೆಳಕು’. ನನಗೆ ಇದೇ ಇಷ್ಟ. ಆದರೆ ಚುಕ್ಕಿ ಅಂದರೆ ರಂಗೋಲಿಯ ಚುಕ್ಕಿಯೂ ಹೌದು. ಮನೆಯಲ್ಲಿ ಇಬ್ಬರಿಗೆ ಓದಿಸಿದೆ, ಒಬ್ಬರು ‘ಚುಕ್ಕಿಯಷ್ಟು ಸಣ್ಣ ಬೆಳಕು’ ಅಂತ ತಿಳಿದರು. ಇಲ್ಲಿರುವುದು ಅದಕ್ಕೆ ಪೂರಾ ವಿರುದ್ಧ, ಇಡೀ ಬಯಲಿನ ಮೇಲೆ ಹರಡಿದ ಬೆಳಕು. ಉತ್ತರ ಕರ್ನಾಟಕದವರು ನಕ್ಷತ್ರಕ್ಕೆ ‘ಚಿಕ್ಕಿ’ ಅನ್ನುತ್ತಾರಲ್ಲ, ಅಲ್ಲಿ ‘ಚಿಕ್ಕಿ ಬೆಳಕು’ ಅನ್ನುವ ಮಾತು ಇದೆಯಾ? ಇದ್ದರೆ ಈ ಗೊಂದಲ ತಪ್ಪುತ್ತದೆ.

ಇನ್ನೊಂದು ಮಾತು. ಈ ಬೆಳಕು ಬರೀ ಚುಕ್ಕಿಗಳದ್ದಲ್ಲ. ನೆಲದಿಂದ ಸುಮಾರು ನೂರು ಕಿಲೋಮೀಟರ್ ಮೇಲೆ ಗಾಳಿಯಲ್ಲಿನ ಆಮ್ಲಜನಕ ರಾತ್ರಿಯೆಲ್ಲ ತಾನೇ ಮಂದವಾಗಿ ಹೊಳೆಯುತ್ತಿರುತ್ತದೆ. ಕಣ್ಣಿಗೆ ಬಣ್ಣ ಗೊತ್ತಾಗದು, ಕ್ಯಾಮೆರಾದಲ್ಲಿ ಹಸಿರಾಗಿ ಬರುತ್ತದೆ. ಗೆಳೆಯನ ಫೋಟೋದಲ್ಲಿ ದಿಗಂತದ ಹತ್ತಿರ ಆ ಹಸಿರು ಚೆನ್ನಾಗಿ ಕಾಣುತ್ತದೆ. ಹಾಗಾಗಿ ‘ಬಾನಬೆಳಕು’ ಅನ್ನುವುದು ಹೆಚ್ಚು ಸರಿಯೇನೋ. ಆದರೆ ಅದನ್ನು ಓದಿದವರು ಹಗಲು ಅಂತ ತಿಳಿದರೆ?

ನನ್ನ ನಂಬಿಕೆ ಏನೆಂದರೆ, ಈ ಪದವನ್ನು ನಾವು ಹೊಸದಾಗಿ ಕಟ್ಟಬೇಕಿಲ್ಲ, ಅದು ಎಲ್ಲೋ ಬಳಕೆಯಲ್ಲಿ ಇರಲೇಬೇಕು. ಹೊಲದಲ್ಲಿ ಕುರಿ ತರುಬಿ ಬಯಲಲ್ಲೇ ಮಲಗುವವರು, ನಡುರಾತ್ರಿ ತ್ರೀಫೇಸ್ ಕರೆಂಟು ಬಂತು ಅಂತ ಎದ್ದು ನೀರು ಹಾಯಿಸಲು ಬದುವಿನ ಮೇಲೆ ನಡೆಯುವವರು, ಕತ್ತಲಲ್ಲೇ ದೋಣಿ ಇಳಿಸುವವರು, ಇವರೆಲ್ಲ ಈ ಬೆಳಕಿನಲ್ಲೇ ದಾರಿ ನೋಡುತ್ತಾರೆ. “ಬೆಳದಿಂಗಳಿಲ್ಲ, ಆದರೂ ದಾರಿ ಕಾಣುತ್ತೆ” ಅನ್ನುವುದನ್ನು ಅವರು ಹೇಗೆ ಹೇಳುತ್ತಾರೆ? ಚಳ್ಳಕೆರೆ, ಸಿರಾ, ಕೊಪ್ಪಳ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಊರಲ್ಲಿ ಹಿರಿಯರನ್ನು ಕೇಳಿ. ಕೇಳುವಾಗ ‘ನಕ್ಷತ್ರದ ಬೆಳಕಿಗೆ ಏನಂತೀರಿ’ ಅಂತ ಕೇಳಬೇಡಿ, ಅವರು ನಿಮ್ಮ ಪದವನ್ನೇ ತಿರುಗಿ ಹೇಳಿಬಿಡುತ್ತಾರೆ. ಅಮಾವಾಸ್ಯೆ ರಾತ್ರಿ ಹೊಲಕ್ಕೆ ಹೋದದ್ದನ್ನು ಹೇಳಿಸಿ, ಅವರ ಮಾತಿನಲ್ಲೇ ಬರಲಿ.

ಜೊತೆಗೆ ಒಂದು ಸಣ್ಣ ಪ್ರಶ್ನೆ. ಆ ಇಳಿಜಾರಿನ ಕಲ್ಲುಗಳಿಗೆ ‘ಬಂಡೆ’ ಅಂತ ಬರೆದಿದ್ದೆ, ಅಳಿಸಿದೆ. ಬಂಡೆ ಅಂದರೆ ಹಂಪಿಯದು, ರಾಮನಗರದ್ದು. ಹಾನ್ಲೆಯಲ್ಲಿ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಕಲ್ಲನ್ನು ಸೀಳುತ್ತದೆ, ಬೆಟ್ಟದ ಮೈಯೆಲ್ಲ ಚೂಪು ಚೂರುಗಳು, ಕಾಲಿಟ್ಟರೆ ಜಾರುತ್ತವೆ. ‘ಗರಸು’ ಅನ್ನೋಣ ಅಂದರೆ ಅದು ತೀರಾ ಸಣ್ಣದು, ‘ಜಲ್ಲಿ’ ಅಂದರೆ ಕ್ರಷರ್ ನೆನಪಾಗುತ್ತದೆ. ಸದ್ಯಕ್ಕೆ ‘ಜಾರುಗಲ್ಲಿನ ಇಳಿಜಾರು’ ಅಂತ ಇಟ್ಟಿದ್ದೇನೆ. ನಿಮ್ಮ ಕಡೆ ಬೇರೆ ಹೆಸರಿದ್ದರೆ ಹೇಳಿ.

ಬರುವ ಗುರುವಾರ ಅಚ್ಚಿಗೆ ಕೊಡಬೇಕು. ಅಷ್ಟರೊಳಗೆ ಏನೂ ಸಿಗದಿದ್ದರೆ ‘ಚುಕ್ಕಿಗಳ ಬೆಳಕಲ್ಲಿ ಹಾನ್ಲೆ’ ಅಂತಲೇ ಬರೆಯುತ್ತೇನೆ. ‘ಚುಕ್ಕಿಗಳ’ ಅಂತ ಬಹುವಚನ ಮಾಡಿದರೆ ರಂಗೋಲಿಯ ಗೊಂದಲ ಸ್ವಲ್ಪವಾದರೂ ಕಡಿಮೆ ಆಗುತ್ತದೆ ಅಂತ ನನಗನ್ನಿಸಿದೆ, ನಿಮಗೆ ಹೇಗೆ ಕೇಳಿಸುತ್ತದೆ?