ಸ್ನಾಯು ತಣಿದಾಗ ಇಎಂಜಿ ಸಂಕೇತ ದೊಡ್ಡದಾಗುವುದೇಕೆ?

ಪ್ರಶ್ನೆ — ಫಿಸಿಯೊಥೆರಪಿ ವಿದ್ಯಾರ್ಥಿನಿ

ಆರೋಗ್ಯವಂತ ವಯಸ್ಕರ ಮೀನಖಂಡದ ಮೇಲೆ 20 ನಿಮಿಷ ಐಸ್ ಪ್ಯಾಕ್ ಇರಿಸಿ, ಅದಕ್ಕೆ ಮೊದಲೂ ಅನಂತರವೂ ಚರ್ಮದ ಮೇಲಿನ ಎಲೆಕ್ಟ್ರೋಡುಗಳಿಂದ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ) ದಾಖಲಿಸುತ್ತಿದ್ದೇವೆ. ಅಷ್ಟೇ ಭಾರವನ್ನು ತಡೆದು ನಿಲ್ಲಿಸುವಾಗ ತಣಿದ ಸ್ನಾಯುವಿನ ಸಂಕೇತ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಪೂರ್ಣ ಶಕ್ತಿ ಹಾಕಲು ಹೇಳಿದರೆ ಮಾತ್ರ ಬಲ ಕುಗ್ಗಿರುತ್ತದೆ. ತಂಪಿನಿಂದ ಬೆನ್ನುಹುರಿಯ ನರಪ್ರಚೋದನೆ ಹೆಚ್ಚುತ್ತದೆ ಎಂದು ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ — ನರವಹನ ಪರೀಕ್ಷೆಯ ತಂತ್ರಜ್ಞ

ಇಷ್ಟರಿಂದಲೇ ಹಾಗೆ ಬರೆಯಲಾಗದು. ನಮ್ಮ ಪ್ರಯೋಗಾಲಯದಲ್ಲಿ ರೋಗಿಯ ಕೈ ತಣ್ಣಗಿದ್ದರೆ, ಚರ್ಮದ ಉಷ್ಣಾಂಶ ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗೆ ಬರುವವರೆಗೆ ಕೈಯನ್ನು ಬೆಚ್ಚಗಾಗಿಸಿಯೇ ಪರೀಕ್ಷೆ ಆರಂಭಿಸುತ್ತೇವೆ. ಉಷ್ಣಾಂಶ ಒಂದು ಡಿಗ್ರಿ ಇಳಿದರೆ ನರವಹನದ ವೇಗ ಸೆಕೆಂಡಿಗೆ ಸರಿಸುಮಾರು 1.5ರಿಂದ 2.5 ಮೀಟರಿನಷ್ಟು ತಗ್ಗುತ್ತದೆ. ತಂಪಿನಲ್ಲಿ ಸೋಡಿಯಂ ಚಾನೆಲ್‌ಗಳು (ವಿದ್ಯುತ್ ಅಲೆಯನ್ನು ಹುಟ್ಟಿಸುವ, ಜೀವಕೋಶ ಪೊರೆಯ ದ್ವಾರಗಳು) ನಿಧಾನವಾಗಿ ತೆರೆದು ಇನ್ನೂ ನಿಧಾನವಾಗಿ ಮುಚ್ಚಿಕೊಳ್ಳುವುದರಿಂದ, ಪ್ರತಿಯೊಂದು ಸ್ನಾಯು ತಂತುವಿನ ವಿದ್ಯುತ್ ಅಲೆಯೂ ಎತ್ತರವಾಗಿ, ಅಗಲವಾಗಿ ಮೂಡುತ್ತದೆ. ಮೆದುಳಿನಿಂದ ಒಂದು ಆಜ್ಞೆಯೂ ಹೆಚ್ಚಾಗಿ ಬರದಿದ್ದರೂ ನಿಮ್ಮ ಪರದೆಯ ಮೇಲಿನ ಸಂಕೇತ ದೊಡ್ಡದಾಗಬಲ್ಲದು.

ತಂಪಿನ ಈ ಪರಿಣಾಮವನ್ನು ನರದ ಆಜ್ಞೆಯ ಹೆಚ್ಚಳದಿಂದ ಬೇರ್ಪಡಿಸಬೇಕಾದರೆ ಎಂ-ತರಂಗವನ್ನು ದಾಖಲಿಸಿ. ನರಕ್ಕೆ ಹೊರಗಿನಿಂದ ಪೂರ್ಣ ಪ್ರಮಾಣದ ವಿದ್ಯುತ್ ಪ್ರಚೋದನೆ ಕೊಟ್ಟಾಗ ಬರುವ ಈ ಅಲೆಯಲ್ಲಿ ಇಚ್ಛೆಯ ಪಾತ್ರವಿಲ್ಲ. ಅದೇ ಉಷ್ಣಾಂಶದ ಎಂ-ತರಂಗಕ್ಕೆ ಹೋಲಿಸಿ ಅನುಪಾತವಾಗಿ ಹೇಳಿದ ಇಎಂಜಿಗೆ ಮಾತ್ರ ಇಲ್ಲಿ ಅರ್ಥವಿದೆ. ಸಂಕೇತದ ಆವರ್ತನವೂ ಕೆಳಕ್ಕೆ ಸರಿದಿರುತ್ತದೆ. ದಣಿವಿನಲ್ಲಿಯೂ ಹಾಗೆಯೇ ಆಗುವುದರಿಂದ ಅದನ್ನು ದಣಿವೆಂದು ಓದಬೇಡಿ.

ಉತ್ತರ — ಕ್ರೀಡಾ ಫಿಸಿಯೊಥೆರಪಿಸ್ಟ್

ಮೇಲಿನ ಮಾತು ಸರಿಯಾದರೂ, ನರದ ಪಾಲನ್ನು ಪೂರ್ತಿ ಅಳಿಸಿಹಾಕುವುದನ್ನು ನಾನು ಒಪ್ಪುವುದಿಲ್ಲ. ಸಾಕಷ್ಟು ತಣಿದ ಸ್ನಾಯುವಿನ ತಂತುಗಳು ಕಡಿಮೆ ಬಲ ಕೊಡುತ್ತವೆ, ಬಿಗಿದ ಮೇಲೆ ಸಡಿಲಗೊಳ್ಳಲೂ ತಡಮಾಡುತ್ತವೆ. ಆದ್ದರಿಂದ ಅದೇ ಭಾರಕ್ಕೆ ಹೆಚ್ಚು ಮೋಟಾರ್ ಘಟಕಗಳನ್ನು (ಒಂದು ನರಕೋಶ ಮತ್ತು ಅದು ನಡೆಸುವ ಸ್ನಾಯು ತಂತುಗಳು) ಕೆಲಸಕ್ಕೆ ಇಳಿಸಬೇಕಾಗಬಹುದು, ಅದು ನಿಜವಾದ ಹೆಚ್ಚಳವೇ. ಎದುರಾಳಿ ಸ್ನಾಯುವೂ ಬಿಗಿಯಬಹುದಾದ್ದರಿಂದ ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗದಲ್ಲಿರುವ ಟಿಬಿಯಾಲಿಸ್ ಸ್ನಾಯುವಿನ ಮೇಲೆಯೂ ಒಂದು ಜೋಡಿ ಎಲೆಕ್ಟ್ರೋಡ್ ಇರಲಿ.

ಬೆನ್ನುಹುರಿಯ ಮಟ್ಟದಲ್ಲಿ ಚಿತ್ರ ಇನ್ನಷ್ಟು ಜಟಿಲವಾಗಿದೆ. ಸ್ನಾಯುವಿನೊಳಗಿನ ಸ್ಪಿಂಡಲ್‌ಗಳು (ಹಿಗ್ಗುವಿಕೆಯನ್ನು ಗ್ರಹಿಸುವ ಅಂಗಗಳು) ತಂಪಿಗೆ ಮಂದವಾಗುತ್ತವೆ. ಸ್ಪ್ಯಾಸ್ಟಿಸಿಟಿ (ನರದ ತೊಂದರೆಯಿಂದ ಸ್ನಾಯು ಅತಿಯಾಗಿ ಬಿಗಿಯುವುದು) ಇರುವವರಿಗೆ ಐಸ್ ಬಳಸುವುದರ ಹಿಂದಿನ ತರ್ಕ ಇದೇ. ಆದರೆ ಆರೋಗ್ಯವಂತರ ಪಾದದ ಕೀಲನ್ನಷ್ಟೇ ತಣಿಸಿದಾಗ ಮೀನಖಂಡದ ಸೋಲಿಯಸ್ ಸ್ನಾಯುವಿನ ಎಚ್-ರಿಫ್ಲೆಕ್ಸ್ (ನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಬೆನ್ನುಹುರಿಯ ಮೂಲಕ ಬರುವ ಪ್ರತಿಕ್ರಿಯೆ) ಹೆಚ್ಚಿದ್ದೂ ದಾಖಲಾಗಿದೆ. ಎಲ್ಲಿ ತಣಿಸಿದಿರಿ ಎಂಬುದನ್ನು ಬರೆಯದೆ ತಂಪಿನ ಪರಿಣಾಮವನ್ನು ಚರ್ಚಿಸಿದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ವಿದ್ಯಾರ್ಥಿನಿ

ಇಬ್ಬರಿಗೂ ಧನ್ಯವಾದಗಳು. ಚರ್ಮದ ಉಷ್ಣಾಂಶವನ್ನಷ್ಟೇ ಅಳೆದರೆ ಸಾಲದೇ?

ಉತ್ತರ — ನರವಹನ ಪರೀಕ್ಷೆಯ ತಂತ್ರಜ್ಞ

ಸಾಲದು. ಐಸ್ ತೆಗೆದೊಡನೆ ಚರ್ಮ ಬೆಚ್ಚಗಾಗತೊಡಗುತ್ತದೆ, ಒಳಗಿನ ಸ್ನಾಯು ಮಾತ್ರ ಇನ್ನೂ ಕೆಲಹೊತ್ತು ತಣಿಯುತ್ತಲೇ ಇರುತ್ತದೆ. ಚರ್ಮದಡಿಯ ಕೊಬ್ಬು ದಪ್ಪವಿದ್ದವರಲ್ಲಿ ಅದೇ 20 ನಿಮಿಷಕ್ಕೆ ಸ್ನಾಯು ಅಷ್ಟಾಗಿ ತಣಿಯುವುದೂ ಇಲ್ಲ. ಸೂಜಿ ಥರ್ಮೋಮೀಟರ್ ಬಳಸಲು ನೈತಿಕ ಸಮಿತಿಯ ಅನುಮತಿ ಇಲ್ಲವಾದರೆ, ಕ್ಯಾಲಿಪರ್‌ನಿಂದ ಕೊಬ್ಬಿನ ಮಡಿಕೆಯನ್ನು ಅಳೆದು, ಎಂ-ತರಂಗವನ್ನು ಬಲದ ಪರೀಕ್ಷೆಯ ಮೊದಲೂ ಕೊನೆಯಲ್ಲೂ ದಾಖಲಿಸಿರಿ.