ಥಂಡಿಗೆ ಕ್ರೊನೋಗ್ರಾಫ್ ನಿಲ್ತೈತಿ, ಗ್ಲಾಸಿನ ಒಳಗ ಮಂಜು ಕಟ್ಟತೈತಿ (ಹಳೇ ಸ್ವಿಸ್ ವೀನಸ್ 175 ಮೂಲದ, ಕೈಲೆ ಚಾವಿ ಕೊಡೋ ಮಷೀನ್)

ಕಿಲ್ಲಾ_ಕೆರಿ, ಬೆಳಗಾವಿ
ನಮಸ್ಕಾರ್ರೀ. ಹಳೇ ಕಾಲದ ಪರ್ವತಾರೋಹಣ ಕ್ರೊನೋಗ್ರಾಫ್ (ಸ್ಟಾಪ್ ವಾಚ್ ಕೂಡಿದ ಕೈಗಡಿಯಾರ) ಮಾದರಿಯ ವಾಚ್ ಇದು. 38 ಮಿ.ಮೀ. ಸ್ಟೀಲ್ ಕೇಸು, ಒತ್ತಿ ಕೂಡಿಸಿದ ಉಬ್ಬು ಅಕ್ರಿಲಿಕ್ ಗ್ಲಾಸು, ಎರಡು ಪುಷರ್ (ಕ್ರೊನೋ ನಡೆಸೋ ಗುಂಡಿ), ಕಾಲಮ್ ವೀಲ್ (ಕ್ರೊನೋ ಹತೋಟಿ ಮಾಡೋ ಕಂಬದ ಚಕ್ರ) ಇರೋ, ತಾಸಿಗೆ 21,600 ಬೀಟಿನ ಮಷೀನ್. ಹಿಂದಿನ ಮುಚ್ಚಳದ ಮ್ಯಾಲೆ 50 ಮೀಟರ್ ಅಂತ ಬರದೈತಿ. ಸೆಪ್ಟೆಂಬರಿನಾಗ ಮನಾಲಿ ಕಡೆ ಫ್ರೆಂಡ್‌ಶಿಪ್ ಪೀಕಿಗೆ (5,289 ಮೀ.) ಹೋಗೂದೈತಿ, ಅದಕ್ಕ ಮನಿ ಫ್ರೀಜರಿನಾಗ −18 ಡಿಗ್ರಿಗೆ ಇಟ್ಟು ಪರೀಕ್ಷೆ ಮಾಡಿದ್ದು.

ಬರೇ ಟೈಮ್ ನಡೀವಾಗ ನಿಲ್ಲೂದಿಲ್ಲ. ಕ್ರೊನೋ ಚಾಲೂ ಮಾಡಿದ್ರ ಕೆಲವು ನಿಮಿಷದಾಗ ಇಡೀ ವಾಚೇ ನಿಲ್ತೈತಿ. ಹೊರಗ ತಗದ ಮ್ಯಾಲೆ ಗ್ಲಾಸಿನ ಒಳಗ ಮಂಜು. ರೂಮಿನ ಬಿಸಿಯೊಳಗ, ಚಾವಿ ತುಂಬ ಕೊಟ್ಟಾಗ, ಡಯಲ್ ಮ್ಯಾಲೆ ಮಾಡಿ ಇಟ್ರ ಆ್ಯಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ತೂಗೋ ಕೋನ) 268°, ಕ್ರೊನೋ ಚಾಲೂ ಇದ್ದಾಗ 205° ತನಕ ಇಳೀತೈತಿ. ಸರ್ವಿಸ್ ಆಗಿದ್ದು ಜುಲೈದಾಗ, ಊರಾಗನ. ಎಣ್ಣಿ ಬದಲ ಮಾಡಬೇಕೋ, ಕ್ಲಚ್ (ಕ್ರೊನೋ ಚಕ್ರಾನ ಮಷೀನಿಗೆ ಜೋಡಿಸೋ ಭಾಗ) ತಿರುವಬೇಕೋ?

ಸಣ್ಣ_ಸ್ಕ್ರೂ, ಬಾಗಲಕೋಟೆ
ಇನ್ನೂ ಏನೂ ತಿರುವಬ್ಯಾಡ್ರಿ. ಇವು ಎರಡು ಬ್ಯಾರೆ ಬ್ಯಾರೆ ರೋಗ. ಮಂಜಿಗೂ ನಿಲ್ಲೂದಕ್ಕೂ ಸಂಬಂಧ ಇಲ್ಲ. ಮೊದಲು ಎರಡು ಮಾತು ಹೇಳ್ರಿ. ಒಂದು, ನಿಂತಾಗ ಕ್ರೊನೋ ಸೆಕೆಂಡ್ ಮುಳ್ಳು ಎಲ್ಲಿರತೈತಿ? ಎಲ್ಲೆಲ್ಲೋ ಇರತೈತೋ, ಪ್ರತಿ ಸಲ ಒಂದ ಜಾಗದಾಗೋ? ಎರಡು, ಟೈಮ್‌ಗ್ರಾಫರಿನ (ವಾಚಿನ ಬಡಿತ ಅಳಿಯೋ ಮಷೀನ್) ಸರಾಸರಿ ಅವಧಿ 20 ಸೆಕೆಂಡ್ ಇದ್ರ 2ಕ್ಕೋ 4ಕ್ಕೋ ಇಳಿಸಿ, 10ರಿಂದ 50ನೇ ಸೆಕೆಂಡಿನ ನಡುವ ಎಷ್ಟು, 56ರಿಂದ 60ರ ನಡುವ ಎಷ್ಟು ಅಂತ ಬಿಡಿಸಿ ಬರೀರಿ.

ಕಿಲ್ಲಾ_ಕೆರಿ
ಯಾವಾಗಲೂ 57 ಮತ್ತ 59ರ ನಡುವನ ನಿಲ್ತೈತಿ. 10–50ರಾಗ 238°, 57 ದಾಟಿದ ಕೂಡ್ಲೆ 200°ರ ಹತ್ರ ಬೀಳತೈತಿ, ನಿಮಿಷದ ಮುಳ್ಳು ಜಿಗಿದ ಮ್ಯಾಲೆ ಮತ್ತ ಏರತೈತಿ.

ಸಣ್ಣ_ಸ್ಕ್ರೂ
ಹಂಗಾದ್ರ ಕ್ಲಚ್ ಬಿಟ್ಟುಬಿಡ್ರಿ. ಈ ನಮೂನಿ ಅಡ್ಡ ಕ್ಲಚ್ಚಿನ ಮಷೀನಿನಾಗ ಕ್ರೊನೋ ಚಾಲೂ ಆದಾಗ 20ರಿಂದ 40 ಡಿಗ್ರಿ ಬೀಳೂದು ಸಹಜ, ನಿಮ್ಮದು 30 ಬಿದ್ದೈತಿ. ಕ್ಲಚ್ಚಿನ ಹಲ್ಲು ಆಳಕ್ಕ ಇಳಿದಿದ್ರೋ, ಕ್ರೊನೋ ಸೆಕೆಂಡಿನ ಚಕ್ರ ಒತ್ತಿ ಹಿಡಿಯೋ ಘರ್ಷಣೆ ಸ್ಪ್ರಿಂಗ್ ಬಿಗಿ ಇದ್ರೋ ಇಡೀ ನಿಮಿಷ ಒಂದ ಸಮ ಬೀಳ್ತಿತ್ತು. ನಿಮ್ಮ ದೋಷ ನಿಮಿಷ ಎಣಿಸೋ ಕಡೆ ಐತಿ.

ಅಲ್ಲಿ ನಡಿಯೂದು ಹಿಂಗ: ಕ್ರೊನೋ ಚಕ್ರದ ಅಚ್ಚಿನ ಮ್ಯಾಲೆ ಒಂದು ಬೆರಳು ಇರತೈತಿ. ನಿಮಿಷ ತುಂಬೋ ಹೊತ್ತಿಗೆ ಅದು ನಡುವಿನ ಸಣ್ಣ ಚಕ್ರಾನ ಒಂದು ಹಲ್ಲು ತಳ್ಳತೈತಿ, ಅದು ನಿಮಿಷ ಚಕ್ರಾನ ತಳ್ಳತೈತಿ. ನಿಮಿಷ ಚಕ್ರಾನ ಜಂಪರ್ ಸ್ಪ್ರಿಂಗ್ ಹಿಡಿದಿರತೈತಿ. ಆ ಜಂಪರಿನ ಏರು ಹತ್ತಿ ಇಳಿಯೂತನ ಎಲ್ಲಾ ಶಕ್ತಿ ಗೇರ್ ಟ್ರೇನಿನಿಂದನ ಹೋಗಬೇಕು. ರೂಮಿನ ಬಿಸಿಯಾಗ 200° ಉಳಿದ್ರ ನಡೀತೈತಿ, −18ಕ್ಕ ಎಣ್ಣಿ ಗಟ್ಟಿ ಆದಾಗ ಆ ಏರು ಹತ್ತಾಕ ಶಕ್ತಿ ಸಾಲೂದಿಲ್ಲ.

ಮಾಡಬೇಕಾದ್ದು:
1. ಡಯಲ್ ಬಿಚ್ಚೂದು ಬ್ಯಾಡ. ಹಿಂದಿನ ಮುಚ್ಚಳ ತಗದು, ಎಕ್ಸೆಂಟ್ರಿಕ್ ಸ್ಕ್ರೂಗಳ (ತಿರುವಿದ್ರ ಹಲ್ಲಿನ ಆಳ ಬದಲಾಗೋ ಸ್ಕ್ರೂ) ಸೀಳು ಯಾವ ಕಡೆ ಐತಿ ಅಂತ ನೇರ ಮ್ಯಾಲಿಂದ ಫೋಟೋ ತಗೀರಿ. ಈ ಫೋಟೋ ಇಲ್ದ ಸ್ಕ್ರೂಡ್ರೈವರ್ ಮುಟ್ಟಬ್ಯಾಡ್ರಿ.
2. 10× ಲೂಪ್ (ಭೂತಗನ್ನಡಿ) ಹಚ್ಚಿ ನೋಡ್ರಿ. ಬೆರಳು 57ರ ಸುಮಾರಿಗೆ ಹಲ್ಲು ಮುಟ್ಟಿ, 60ಕ್ಕ ಜಂಪರ್ ಟಕ್ಕಂತ ಬೀಳಬೇಕು. 54–55ಕ್ಕನ ಮುಟ್ಟಿದ್ರ ನಡುವಿನ ಚಕ್ರ ಆಳಕ್ಕ ಐತಿ; ಕೆಲವೊಮ್ಮೆ ಎರಡು ನಿಮಿಷ ಒಮ್ಮೆಲೆ ಹಾರೂದೂ ಇದರಿಂದನ. ಜಿಗಿಯೂದ ಬಿಟ್ರ ಆಳ ಸಾಲದು.
3. ಆಳ ಹೆಚ್ಚಾಗಿದ್ರ ನಡುವಿನ ಚಕ್ರದ ಎಕ್ಸೆಂಟ್ರಿಕ್ಕನ್ನ ಒಂದು ಸುತ್ತಿನ ಎಂಟರಲ್ಲಿ ಒಂದು ಪಾಲಿಗಿಂತ ಹೆಚ್ಚು ತಿರುವಬ್ಯಾಡ್ರಿ. ತಿರುವಿ, ಹತ್ತು ನಿಮಿಷ ಎಣಿಸಿ ನೋಡ್ರಿ. ಒಂದು ಹೊತ್ತಿಗೆ ಒಂದ ಸ್ಕ್ರೂ.
4. ಬೆರಳು ಸರಿ ಹೊತ್ತಿಗೆ ಮುಟ್ಟಿಯೂ ತಡೀತಿದ್ರ ಜಂಪರ್ ಬಿಗಿ ಐತಿ. ಅದರ ತುದಿಗೆ ಕಣದಷ್ಟು ಗ್ರೀಸ್ ಸಾಕು. ಬಗ್ಗಿಸೂದು ಕಡೀ ದಾರಿ, ಅದನ್ನ ವಾಚ್ ಮೇಕರ್ ಕೈಯಾಗ ಕೊಡ್ರಿ. ಮುರಿದ್ರ ಬಿಡಿಭಾಗಕ್ಕ ಕಾಯಬೇಕಾಗತೈತಿ.

ಕ್ರೊನೋ ಚಕ್ರದ ಸಣ್ಣ ಮೊನಚು ಹಲ್ಲಿಗೆ, ಕ್ಲಚ್ ಚಕ್ರದ ಹಲ್ಲಿಗೆ ಎಣ್ಣಿ ಹಚ್ಚಿದ್ದು ಕಂಡ್ರ ಅದನ್ನ ಪೂರ್ತಿ ತೊಳೆಸಬೇಕು. ಅವು ಒಣಗನ ಇರಬೇಕು. ಥಂಡಿಯಾಗ ಅಲ್ಲಿನ ಎಣ್ಣಿ ಅಂಟಾಗತೈತಿ. ಪಿವಟ್ಟಿಗೆ (ಚಕ್ರದ ಅಚ್ಚಿನ ತುದಿ) ತೆಳು ಎಣ್ಣಿ, ಕಾಲಮ್ ವೀಲಿನ ಕಂಬಕ್ಕ ಗ್ರೀಸು, ಅಷ್ಟ.

ಗುಮ್ಮಟದ_ಗಂಟೆ, ವಿಜಯಪುರ
ಮಂಜಿನ ವಿಷಯಕ್ಕ ಹೇಳ್ತೀನಿ. ಜುಲೈದಾಗ ಬೆಳಗಾವಿಯಾಗ ಮುಚ್ಚಳ ಹಾಕಿದ್ದೇ ತಪ್ಪು ಅದ. ಅಲ್ಲಿನ ಜಿಟಿಜಿಟಿ ಮಳಿ ಗಾಳಿನ ಕೇಸಿನಾಗ ಕೂತದ. ನಮ್ಮೂರಿಗೆ ಕಳಸ್ರಿ, ಇಲ್ಲಿನ ಒಣ ಹವಾದಾಗ ತಗದು ಹಾಕಿದ್ರ ಮುಗೀತು.

ಉದ್ಯಮಬಾಗ್_ಲೇತ್, ಬೆಳಗಾವಿ
ಕಾರಣ ಸರಿ ಐತ್ರಿ, ಆದ್ರ ವಿಜಯಪುರದ ಹವಾನೂ ಸಾಲೂದಿಲ್ಲ. ಲೆಕ್ಕ ನೋಡ್ರಿ. 24 ಡಿಗ್ರಿ, 90% ತೇವ ಇರೋ ಬೆಳಗಾವಿ ಗಾಳಿ ಸುಮಾರು 22 ಡಿಗ್ರಿಗೆ ಇಬ್ಬನಿ ಬಿಡತೈತಿ. ಬ್ಯಾಸಿಗಿಯಾಗ 38 ಡಿಗ್ರಿ, 20% ತೇವದ ವಿಜಯಪುರ ಗಾಳಿ 11 ಡಿಗ್ರಿಗೆ ಬಿಡತೈತಿ. ಬೆಟ್ಟದ ಮ್ಯಾಲೆ ಗ್ಲಾಸು ಸೊನ್ನಿಗಿಂತ ಕೆಳಗ ಇರತೈತಿ, ಹಿಂಗಾಗಿ ಎರಡೂ ಕಡೀ ಗಾಳಿ ಮಂಜು ಕಟ್ಟೂದು ಖರೇನ. ಕೇಸಿನಾಗ ಖಾಲಿ ಜಾಗ 3 ಮಿ.ಲೀ. ಅಂತ ಹಿಡಿದ್ರ ಜುಲೈ ಗಾಳಿಯಾಗಿನ ನೀರು ಬರೇ 0.06 ಮಿಲಿಗ್ರಾಂ. ಮಂಜು ಕಾಣಾಕ ಅಷ್ಟ ಬೇಕಾಗೂದು.

ಮಾಂಟ್‌ಬ್ಲಾಂಕ್‌ನವರು ‘ಝೀರೋ ಆಕ್ಸಿಜನ್’ ಅಂತ ಪರ್ವತದ ವಾಚ್ ಮಾಡ್ತಾರಲ್ಲ, ಅದರಾಗ ಕೇಸಿನ ಆಮ್ಲಜನಕ ತಗದಿರತಾರ. ಹೆಸರು ಆಮ್ಲಜನಕದ್ದು, ಆದ್ರ ಮಂಜಿನ ಮಟ್ಟಿಗೆ ಕೆಲಸ ಮಾಡೂದು ಒಳಗ ತೇವ ಇಲ್ಲದ್ದು. ಅದನ್ನ ಇಲ್ಲೇ ಮಾಡಬಹುದು:

5 ಲೀಟರಿನ ಬಿಗಿ ಮುಚ್ಚಳದ ಡಬ್ಬಿ, 50 ಗ್ರಾಂ ಸಿಲಿಕಾ ಜೆಲ್ (ಮೊದಲು 110–120 ಡಿಗ್ರಿ ಓವನ್ನಿನಾಗ ಎರಡು-ಮೂರು ತಾಸು ಒಣಗಿಸಿದ್ದು), ಒಂದು ಸಣ್ಣ ಹೈಗ್ರೋಮೀಟರ್. ಮುಚ್ಚಳ ತಗದ ವಾಚನ್ನ ಅದರಾಗ 24 ತಾಸು ಇಡ್ರಿ, 10–15%ಕ್ಕ ಇಳೀಬೇಕು. ಆಮ್ಯಾಲೆ ವಾಚು, ಮುಚ್ಚಳ, ಮುಚ್ಚಳ ತಿರುವೋ ಕೀಲಿ ಎಲ್ಲಾ ಪಾರದರ್ಶಕ ಪಾಲಿಥಿನ್ ಚೀಲದಾಗ ಇಟ್ಟು ವೆಲ್ಡಿಂಗಿನ ಆರ್ಗಾನ್ ಬಿಡ್ರಿ, ನಿಮಿಷಕ್ಕ 5 ಲೀಟರ್. ಚೀಲ ಮೂರು ಸಲ ಉಬ್ಬಿಸಿ ಹಿಂಡಿ, ನಾಲ್ಕನೇ ಸಲ ಉಬ್ಬಿದಾಗ ಚೀಲದ ಹೊರಗಿಂದನ ಮುಚ್ಚಳ ತಿರುವ್ರಿ. ಆರ್ಗಾನ್ ಗಾಳಿಗಿಂತ ಭಾರ, ಕೇಸಿನಾಗ ಕೂತಿರತೈತಿ. ಟಿಗ್ ವೆಲ್ಡಿಂಗ್ ಮಾಡೋ ಯಾವ ವರ್ಕ್‌ಶಾಪಿನಾಗೂ ಸಿಲಿಂಡರ್ ಇರತೈತಿ. ಕಿಟಕಿ ತೆರೆದಿಟ್ಟ ಕೆಲಸ ಮಾಡ್ರಿ, ಮುಚ್ಚಿದ ಸಣ್ಣ ರೂಮಿನಾಗ ಬ್ಯಾಡ.

ಆದ್ರ ನನ್ನ ದೊಡ್ಡ ಚಿಂತಿ ಗ್ಲಾಸಿಂದು. 50 ಮೀಟರ್ ಅಂದ್ರ ಹೊರಗಿಂದ ಒಳಗ ಒತ್ತೋ ನೀರಿನ ಲೆಕ್ಕ. ಬೆಟ್ಟದ ಮ್ಯಾಲೆ ಒತ್ತಡ ಉಲ್ಟಾ. ಬೆಳಗಾವಿಯಾಗ ಸುಮಾರು 925 ಹೆಕ್ಟೊಪ್ಯಾಸ್ಕಲ್, 5,289 ಮೀಟರಿಗೆ 520ರ ಆಸುಪಾಸು. 34 ಮಿ.ಮೀ. ಗ್ಲಾಸಿನ ಮ್ಯಾಲೆ ಒಳಗಿಂದ ಹೊರಗ ಸುಮಾರು 3.7 ಕೆ.ಜಿ. ನೂಕು. ಅದರ ಜೋಡಿ ಅಕ್ರಿಲಿಕ್ ಥಂಡಿಗೆ ಸ್ಟೀಲಿಗಿಂತ ಹೆಚ್ಚು ಕುಗ್ಗತೈತಿ. 25ರಿಂದ −18ಕ್ಕ ಇಳಿದ್ರ 34 ಮಿ.ಮೀ.ಗೆ ಸುಮಾರು 0.08 ಮಿ.ಮೀ. ವ್ಯತ್ಯಾಸ. ಒತ್ತಿ ಕೂಡಿಸೋ ಗ್ಲಾಸಿನ ಹಿಡಿತ ಇರೂದ 0.1–0.2 ಮಿ.ಮೀ. ಅರ್ಧ ಹಿಡಿತ ಅಲ್ಲೇ ಹೋತು. ಒಳಗ ಲೋಹದ ಟೆನ್ಷನ್ ರಿಂಗ್ ಇರೋ ಅಕ್ರಿಲಿಕ್ ಹಾಕಸ್ರಿ, ಇಲ್ಲಾ 0.1 ಮಿ.ಮೀ. ದೊಡ್ಡ ಅಳತಿದು.

ಪರೀಕ್ಷೆಗೆ ಖಡೇ ಬಜಾರಿನಾಗ ಕೇಳುವಾಗ ‘ವಾಟರ್ ಟೆಸ್ಟ್’ ಅನ್ನಬ್ಯಾಡ್ರಿ, ‘ವ್ಯಾಕ್ಯೂಮ್ ಟೆಸ್ಟ್, −0.4 ಬಾರ್’ ಅನ್ರಿ. ಒಣ ಟೆಸ್ಟರ್ ಮಷೀನುಗಳು −0.7 ತನಕ ಹೋಗತಾವ.

ಕಿಲ್ಲಾ_ಕೆರಿ
ಗ್ಯಾಸ್ಕೆಟ್ ಎಲ್ಲಾ ವೈಟಾನ್ (ಒಂದು ನಮೂನಿ ರಬ್ಬರ್) ಹಾಕಿಸಿದ್ರ? ದುಬಾರಿ, ಬಾಳಿಕಿ ಹೆಚ್ಚು ಅಂತಾರ.

ಸಣ್ಣ_ಸ್ಕ್ರೂ
ಬ್ಯಾಡ. ಸಾಮಾನ್ಯ ವೈಟಾನ್ −15, −20ರ ಹತ್ರ ಬಿರುಸಾಗತೈತಿ. ಅದು ಬಿಸಿಗೆ, ರಾಸಾಯನಿಕಕ್ಕ ಛಲೋ. ಪುಷರಿಗೆ, ಕ್ರೌನಿಗೆ (ಚಾವಿ ಕೊಡೋ ತಿರುಪು) ಹೊಸ ನೈಟ್ರೈಲ್ ರಬ್ಬರಿನ ಓ-ರಿಂಗ್, ತೆಳುವಾಗಿ ಸಿಲಿಕೋನ್ ಗ್ರೀಸ್. ಸಿಲಿಕೋನ್ ರಬ್ಬರಿನ ರಿಂಗ್ ಥಂಡಿಗೆ ಮೆತ್ತಗಿದ್ರೂ ನೀರಾವಿ ಅದರ ಮೈಯೊಳಗಿಂದನ ಸೋರತೈತಿ, ಆರ್ಗಾನ್ ತುಂಬಿದ್ದು ವ್ಯರ್ಥ ಆದೀತು.

ಕಿಲ್ಲಾ_ಕೆರಿ
ಬೆರಳು 55ಕ್ಕ ಮುಟ್ಟತಿತ್ತು, ಎಕ್ಸೆಂಟ್ರಿಕ್ ಸರಿ ಮಾಡಿಸಿದ ಮ್ಯಾಲೆ ಈಗ 57–60ರಾಗ 226°. ಫ್ರೀಜರಿನಾಗ ಕ್ರೊನೋ ಒಂದು ತಾಸು ನಿಲ್ಲದ ನಡೀತು. ಗ್ಲಾಸು, ಗ್ಯಾಸ್ಕೆಟ್, ಆರ್ಗಾನ್ ಆತು, ವ್ಯಾಕ್ಯೂಮ್ ಟೆಸ್ಟಿನಾಗ ಪಾಸ್. ತೇವ ಹೋಗೇತೋ ಇಲ್ಲೋ ಹೆಂಗ ತಿಳೀಬೇಕು?

ಉದ್ಯಮಬಾಗ್_ಲೇತ್
ವಾಚನ್ನ 40–45 ಡಿಗ್ರಿಗೆ ಕಾಯಿಸಿ, ಗ್ಲಾಸಿನ ನಡುವ 20 ಡಿಗ್ರಿ ಆಸುಪಾಸಿನ ನೀರಿನ ಹನಿ ಒಂದು ನಿಮಿಷ ಇಟ್ಟು ಒರಸ್ರಿ. ಒಳಗ ಮಬ್ಬು ಕಂಡ್ರ ತೇವ ಐತಿ. ಅದು ಪಾಸಾದ್ರೂ ಫ್ರೀಜರಿನಾಗ ಇಟ್ಟು ಮತ್ತ ನೋಡ್ರಿ, ಯಾಕಂದ್ರ ಹನಿ ಪರೀಕ್ಷೆ 20 ಡಿಗ್ರಿ ತನಕ ಮಾತ್ರ ಹೇಳತೈತಿ. ಫ್ರೀಜರಿನಿಂದ ತಗದಾಗ ಹೊರಗಿನ ಮಂಜು ಬಟ್ಟಿಲೆ ಒರಸಿ ನೋಡ್ರಿ, ಒರಸಿದ್ರೂ ಹೋಗದ್ದು ಮಾತ್ರ ಒಳಗಿಂದು.

ಸಣ್ಣ_ಸ್ಕ್ರೂ
ಇಳಿಯೂದರ ಬಗ್ಗೆನೂ ಒಂದು ಮಾತು. ಮ್ಯಾಲೆ ಹಲವು ದಿನ ಇದ್ದಾಗ ಒಳಗಿನ ಗಾಳಿ ಗ್ಯಾಸ್ಕೆಟ್ ಸಂದಿಯಿಂದ ಸ್ವಲ್ಪ ಸೋರಿರತೈತಿ. ಕೆಳಗ ಇಳಿದಂಗ ಹೊರಗಿನ ಒತ್ತಡ ಹೆಚ್ಚಾಗಿ ತೇವದ ಗಾಳಿ ಒಳಗ ಎಳಕೊಂತೈತಿ. ಮನಾಲಿಗೆ ಇಳಿಯೂ ದಿನ ಮಳಿ ಇದ್ರ ಪುಷರ್ ಒತ್ತಬ್ಯಾಡ್ರಿ, ಕ್ರೌನ್ ಎಳೀಬ್ಯಾಡ್ರಿ. ಮ್ಯಾಲೆ ಪುಷರಿನ ಸುತ್ತ ಹಿಮ ಗಟ್ಟಿಯಾಗಿದ್ರ ಮೊದಲು ಕೈಗವಸಿನಾಗ ಬೆಚ್ಚಗ ಮಾಡಿ ಒತ್ತರಿ. ಜೋರಿನಿಂದ ಒತ್ತಿದ್ರ ಪುಷರಿನ ಕಡ್ಡಿ ಬಗ್ಗತೈತಿ. ಚಾವಿ ದಿನಾ ಮುಂಜಾನೆ ಟೆಂಟಿನಾಗ, ವಾಚು ಬೆಚ್ಚಗಿದ್ದಾಗ, ತುಂಬ ಕೊಡ್ರಿ.