ಉಗುರಿನ ವಿಷಯವಾಗಿ ಪುಟ್ಟಿಗೆ ಉತ್ತರ

ಪುಟ್ಟಿ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆಯೇ ಓದಿದೆ. ಗಿಟಾರ್ ನುಡಿಸಲು ಬೆಳೆಸಿದ ಬಲಗೈ ಉಗುರುಗಳು ಒಂದಾದ ಮೇಲೊಂದು ಮುರಿಯುತ್ತಿವೆ, ಉಂಗುರದ ಬೆರಳಿನದು ಚರ್ಮದವರೆಗೂ ಸೀಳಿದೆ, ಪಾರ್ಲರಿನಲ್ಲಿ ಅಕ್ರಿಲಿಕ್ಕಿನ ಕೃತಕ ಉಗುರು ಹಾಕಿಸಿಕೊಳ್ಳಲೇ ಅಥವಾ ಈ ವಯಸ್ಸಿಗೆ ಇದು ಒಗ್ಗದೆಂದು ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಟೈಪು ಮಾಡಲು ನನಗೆ ಕಣ್ಣು ಸಾಲದು, ಆದ್ದರಿಂದ ಮಾತಿನಲ್ಲೇ ಹೇಳುತ್ತೇನೆ. ಉದ್ದವಾದರೂ ಪೂರ್ತಿ ಕೇಳು. ಮಂಡ್ಯದ ಭಾವನವರೂ ಕೇಳಲಿ.

ವಯಸ್ಸಿನ ಮಾತನ್ನು ಮೊದಲು ತೆಗೆದುಹಾಕು. ನಾನು ಗಿಟಾರ್ ಹಿಡಿದದ್ದು ನಿವೃತ್ತಿಯಾದ ಮೇಲೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಹೆಬ್ಬೆರಳು ದಪ್ಪ ತಂತಿಗಳಲ್ಲಿ ತನ್ನ ನಡಿಗೆಯನ್ನು ಕಾಯ್ದುಕೊಂಡಿರುವಾಗಲೇ ತೋರು, ನಡು, ಉಂಗುರದ ಬೆರಳುಗಳು ಸಣ್ಣ ತಂತಿಗಳಲ್ಲಿ ರಾಗವನ್ನು ಎತ್ತಿ ನುಡಿಸುವುದು ನಮ್ಮಂಥವರಿಗೆ ನಿಧಾನವಾಗಿ ಬರುತ್ತದೆ, ಆದರೆ ಬರುತ್ತದೆ. ನನಗೆ ಭಯವಿರುವುದು ಆ ಪಾರ್ಲರಿನ ವಿಚಾರದಲ್ಲಿ. ಅಂಟಿಸಿದ ಉಗುರು ಒಂದು ಮೂಲೆಯಲ್ಲಿ ಎದ್ದಿತೆಂದರೆ, ಅದನ್ನು ತೆಗೆಸದೆ ಅದರ ಮೇಲೆಯೇ ಮತ್ತೆ ಅಂಟು ಹಾಕಿಸಿಕೊಳ್ಳಬೇಡ.

ನಿನ್ನ ದೊಡ್ಡಪ್ಪನವರ ಭೀಮರಥ ಶಾಂತಿಯ ಸಮಯದಲ್ಲಿ ನನ್ನ ನಡುಬೆರಳಿನ ಉಗುರು ಮುರಿದಿತ್ತು. ಸಂಜೆ ಮನೆಯವರ ಮುಂದೆ ನುಡಿಸಬೇಕೆಂದಿದ್ದುದರಿಂದ ದೇವರಾಜ ಅರಸು ರಸ್ತೆಯ ಆಸುಪಾಸಿನ, ಅಂಥ ಉಗುರು ಹಾಕುವ ಒಂದು ಅಂಗಡಿಗೆ ಹೋದೆ. ಅಲ್ಲಿಯ ಹುಡುಗಿ ಸಣ್ಣದೊಂದು ಯಂತ್ರದಿಂದ ಉಗುರಿನ ಮೇಲ್ಮೈಯನ್ನು ಉಜ್ಜತೊಡಗಿದಳು. ಬಿಸಿಯಾಗುತ್ತಿದೆ, ಉರಿಯುತ್ತಿದೆ ಎಂದು ಹೇಳಿದರೂ ನಿಲ್ಲಿಸಲಿಲ್ಲ. ಅಂಟು ಹಿಡಿಯಲು ಮೇಲ್ಮೈ ಸ್ವಲ್ಪ ಒರಟಾದರೆ ಸಾಕು, ಕಾಗದದಷ್ಟು ತೆಳುವಾಗಬೇಕಿಲ್ಲ. ಆಮೇಲೆ, ಅವಳು ಅಂಟಿಸಿದ ಅಕ್ರಿಲಿಕ್ ಉಗುರಿನ ಒಂದು ಅಂಚು ಎದ್ದಿತು. ತಿರುಗಿ ಹೋಗಿ ಇದನ್ನು ತೆಗೆದುಬಿಡಿ ಎಂದಾಗ, ತೆಗೆಯುವ ಅಗತ್ಯವಿಲ್ಲವೆಂದು ಹೇಳಿ, ಒಳಗಿನ ತೇವವನ್ನೂ ಒರೆಸದೆ ಸಂದಿಯನ್ನು ಮೇಲಿನಿಂದ ಮುಚ್ಚಿ ಕಳುಹಿಸಿದರು. ಮನೆಯಲ್ಲಿ ಶಾಂತಿಯ ಕೆಲಸ, ಕೈ ಸದಾ ನೀರಿನಲ್ಲಿ. ಅಕ್ರಿಲಿಕ್ಕನ್ನು ಕೊನೆಗೂ ಬಿಡಿಸಿದಾಗ ಅಡಿಯ ಉಗುರು ಪಾಚಿಯಂತೆ ಹಸಿರಾಗಿತ್ತು.

ಸರಸ್ವತಿಪುರಂ ಅತ್ತಿಗೆ ಉಗುರುಸುತ್ತೆಂದು ಭಾವಿಸಿ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಲು ಬಂದರು. ಪಾಪ, ಅವರ ಅಕ್ಕರೆ ದೊಡ್ಡದು. ಆದರೆ ಉಗುರುಸುತ್ತು ಅಂಚಿನ ಚರ್ಮದಲ್ಲಿ ಬಾತು, ಕೀವು ತುಂಬಿ, ರಾತ್ರಿಯೆಲ್ಲ ಮಿಡಿಯುವಂಥದ್ದು. ಇದು ಉಗುರಿಗೂ ಅಂಟಿಗೂ ನಡುವಿನ ತೇವದಲ್ಲಿ ಸದ್ದಿಲ್ಲದೆ ಬೆಳೆಯುವಂಥದ್ದು. ನೋವಿಲ್ಲದ ಕಾರಣ ಯಾರೂ ಗಮನಿಸುವುದಿಲ್ಲ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬಿಡುವ ಬಣ್ಣದಿಂದ ಹಸಿರಾಗಿದೆ ಎಂದು ಚರ್ಮದ ಡಾಕ್ಟರು ತಿಳಿಸಿ, ಬಿಟ್ಟುಕೊಂಡಿದ್ದ ಭಾಗವನ್ನು ಕತ್ತರಿಸಿ, ಹನಿ ಔಷಧಿ ಕೊಟ್ಟು, ಬೆರಳನ್ನು ಒಣಗಿಸಿಟ್ಟುಕೊಳ್ಳಲು ಹೇಳಿದರು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ, ಬುಡದಿಂದ ತುದಿಯವರೆಗೆ ಹೊಸದು ಬರಲು ಸುಮಾರು 6 ತಿಂಗಳು ಬೇಕು. ಅಷ್ಟು ಕಾಲ ನಡುಬೆರಳಿಲ್ಲದೆ ನುಡಿಸಿದೆ. ಆದ್ದರಿಂದಲೇ ಮತ್ತೊಮ್ಮೆ ಹೇಳುತ್ತೇನೆ ಪುಟ್ಟಿ, ಎದ್ದ ಉಗುರಿನ ಮೇಲೆ ಅಂಟು ಹಾಕಿಸಿಕೊಳ್ಳಬೇಡ, ಅಂಗಡಿಯವರು ಎಷ್ಟೇ ಧೈರ್ಯ ಹೇಳಿದರೂ ಬೇಡ.

ಆ ಅಂಗಡಿಯವರು ಕಡೆಗೆ ಹೇಳಿದ್ದು, ನೀವು ಪಾತ್ರೆ ತೊಳೆದಿದ್ದೇ ತಪ್ಪು ಎಂದು. ಈ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ, ಏಕೆಂದರೆ ನಮ್ಮ ಮನೆಗಳಲ್ಲಿ ಹೆಂಗಸರು ಪಾತ್ರೆ ತೊಳೆಯದೆ ಇರಲು ಯಾರು ಬಿಟ್ಟಿದ್ದಾರೆ? ಉಗುರು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ದಿನಕ್ಕೆ ಹತ್ತಾರು ಸಲ ಹೀಗಾದರೆ ಅದರ ಪದರಗಳು ಬಿಟ್ಟುಕೊಂಡು ತುದಿಯಲ್ಲಿ ಸಿಪ್ಪೆ ಏಳುತ್ತದೆ. ನಿನ್ನ ಉಗುರು ಮುರಿಯುತ್ತಿರುವುದಕ್ಕೂ ಇದೇ ಕಾರಣವಿರಬಹುದೆಂದು ನನಗನ್ನಿಸುತ್ತದೆ. ಹಬ್ಬ ಬಂದರೆ ಅಕ್ಕಿ ತೊಳೆಯುವುದು, ತುರಿಮಣೆಯ ಮುಂದೆ ಕೂರುವುದು, ಎಲೆ ಒರೆಸುವುದು, ಕಡೆಗೆ ರಾಶಿ ಪಾತ್ರೆ. ನಾನು ಬೆರಳಿಗೆ ಕಟ್ಟು ಹಾಕಿಕೊಂಡಿದ್ದಾಗ ಮಂಡ್ಯದ ಭಾವನವರು ಎಲ್ಲರೆದುರು, ಈ ವಯಸ್ಸಿನಲ್ಲಿ ಉಗುರಿನ ಶೋಕಿ ಏಕೆ ಬೇಕಿತ್ತು ಎಂದರು. ಅವರ ಮಗ ಕೀಬೋರ್ಡ್ ಕಲಿಯುವಾಗ ಅವನ ಕೈಗೆ ಯಾರೂ ಒಂದು ಲೋಟ ತೊಳೆಯಲು ಕೊಟ್ಟಿರಲಿಲ್ಲ. ಭಾವನವರೇ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತಿದ್ದೇನೆ, ನುಡಿಸುವವರ ಬಲಗೈ ಉಗುರು ಶೋಕಿಯಲ್ಲ, ಅದು ವಾದ್ಯದ ಒಂದು ಭಾಗ. ವೀಣೆಯನ್ನು ಉಗುರಿನಿಂದಲೇ ಮೀಟುವವರನ್ನು ಮೈಸೂರಿನಲ್ಲಿ ನಾವೆಲ್ಲ ಕಣ್ಣಾರೆ ನೋಡಿದ್ದೇವಲ್ಲ. ಗೌರಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ಪಾತ್ರೆಯ ಕೆಲಸವನ್ನು ಗಂಡಸರು ವಹಿಸಿಕೊಳ್ಳಬೇಕೆಂದು ಈ ಗುಂಪಿನಲ್ಲೇ ಕೇಳಿಕೊಳ್ಳುತ್ತೇನೆ.

ಪುಟ್ಟಿ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಹೇಳದೆ ಮುಂದೆ ಹೋದೆ. ಸದ್ಯಕ್ಕೆ ಪಾರ್ಲರು ಬೇಡ. ಸೀಳಿದ ಉಗುರನ್ನು ಕತ್ತರಿಸಿ, ಕೆಲವು ವಾರ ಬೆರಳ ತುದಿಯಿಂದಲೇ ನುಡಿಸು. ಇದರಲ್ಲಿ ಕೀಳರಿಮೆ ಏನೂ ಇಲ್ಲ. ಸ್ಪೇನಿನ ಹೆಸರಾಂತ ಗಿಟಾರ್ ವಾದಕ ಫರ್ನಾಂಡೋ ಸೋರ್ ಉಗುರಿಲ್ಲದೆ ನುಡಿಸುತ್ತಿದ್ದರು, ಅವರ ಕಾಲದವರೇ ಆದ ಡಿಯೊನಿಸಿಯೊ ಅಗ್ವಾಡೊ ಉಗುರಿನಿಂದ ನುಡಿಸುತ್ತಿದ್ದರು. ನಮ್ಮ ವೀಣೆ ಶೇಷಣ್ಣನವರು ಹುಟ್ಟಿದ 1852ರಲ್ಲಿಯೇ ಹುಟ್ಟಿದ, ಸ್ಪೇನಿನ ಇನ್ನೊಬ್ಬ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರೆಗಾ ಕೊನೆಯ ವರ್ಷಗಳಲ್ಲಿ ಉಗುರನ್ನೇ ಬಿಟ್ಟರು. ನಿನ್ನದು ಉಕ್ಕಿನ ತಂತಿಯ ಗಿಟಾರ್ ಆದ್ದರಿಂದ ಉಗುರು ಬೇಗ ಸವೆಯುತ್ತದೆ. ಸಾಧ್ಯವಾದರೆ ಅಭ್ಯಾಸಕ್ಕೆ ನೈಲಾನ್ ತಂತಿಯ ಗಿಟಾರ್ ತೆಗೆದುಕೋ, ಆದರೆ ಅದಕ್ಕೆ ಎಂದೂ ಉಕ್ಕಿನ ತಂತಿ ಕಟ್ಟಬೇಡ, ಆ ಬಿಗಿತಕ್ಕೆ ತಂತಿ ಕಟ್ಟುವ ಪಟ್ಟಿಯೇ ಕಿತ್ತು ಬರಬಹುದು.

ಉಗುರು ಮತ್ತೆ ಬೆಳೆದಾಗ, ಅಂಗೈಯನ್ನು ನಿನ್ನ ಕಡೆಗೆ ತಿರುಗಿಸಿ ನೋಡಿದರೆ ತುದಿಯಿಂದ ಒಂದೆರಡು ಮಿಲಿಮೀಟರ್ ಮೇಲೆ ಕಂಡರೆ ಸಾಕು, ಹೆಬ್ಬೆರಳಿನದು ಸ್ವಲ್ಪ ಹೆಚ್ಚಿರಲಿ. ಎಡಗೈಯದನ್ನು ಪೂರ್ತಿ ಕತ್ತರಿಸಿಡು, ಇಲ್ಲದಿದ್ದರೆ ತಂತಿಯನ್ನು ಒತ್ತಲಾಗದು. ಸ್ನಾನ ಮಾಡಿದ ಕೂಡಲೇ ಉಗುರು ಮೆತ್ತಗಿರುತ್ತದೆ, ಆಗ ಉಜ್ಜಬೇಡ. ಗಾಜಿನ ಅರದಿಂದ ಒಂದೇ ದಿಕ್ಕಿಗೆ ಉಜ್ಜು, ಹಿಂದಕ್ಕೂ ಮುಂದಕ್ಕೂ ಎಳೆದರೆ ಅಂಚು ಸಿಗಿಯುತ್ತದೆ. ಬಳಿಕ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 1000 ನಂಬರಿನ ವಾಟರ್ ಪೇಪರ್ ಎಂಬ ನಯವಾದ ಉಜ್ಜುಕಾಗದದಿಂದ ಅಂಚನ್ನು ನಯ ಮಾಡು. ಅಂಚು ಒರಟಾಗಿದ್ದರೆ ಸ್ವರವೂ ಕೆರೆದಂತೆ ಕೇಳಿಸುತ್ತದೆ. ಪಾತ್ರೆ ತೊಳೆಯಲೇಬೇಕಾದರೆ ಕೈಗವಸು ಹಾಕಿಕೋ, ಮಲಗುವಾಗ ಉಗುರಿನ ಬುಡಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಸವರು.

ಆ ಉಂಗುರದ ಬೆರಳಿನ ಫೋಟೋವನ್ನು ಹಗಲು ಬೆಳಕಿನಲ್ಲಿ ತೆಗೆದು ನನಗೆ ಕಳುಹಿಸು. ಸೀಳಿದ ಕಡೆ ಕೆಂಪು, ಬಾವು ಅಥವಾ ಹಸಿರು ಛಾಯೆ ಏನಾದರೂ ಕಂಡರೆ ನನ್ನ ಉತ್ತರಕ್ಕೆ ಕಾಯದೆ ಚರ್ಮದ ಡಾಕ್ಟರ ಬಳಿಗೆ ಹೋಗು.